ಎ ಸೈಡಿನಲ್ಲಿ ಹೋಗಿ ಬಿ ಸೈಡಿನಲ್ಲಿ ಬರುವುದು

ನಮ್ಮ ಮನೆಯ ಬೀರುವಿನ ಒಳಡ್ರಾಯರಿನಲ್ಲಿ, ಹಳೆಯ ಕನ್ನಡಕಗಳ ಜೊತೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದನೆಯ ಒಂದು ಹಾಡಿನ ಯಂತ್ರ ಬಿದ್ದಿದೆ. ಬೆಳ್ಳಿ ಬಣ್ಣದ ಎಂಪಿತ್ರೀ ಪ್ಲೇಯರ್. ಕೊಂಡ ಹೊಸತರಲ್ಲಿ ನೂರಾರು ಹಾಡು ಹಿಡಿಯುತ್ತದೆ ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಅದಕ್ಕೆ ಹಾಡು ತುಂಬಬೇಕಾದರೆ ಅದರದೇ ಒಂದು ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕು, ಬೇರೆ ದಾರಿ ಇಲ್ಲ. ವೈರು ಚುಚ್ಚಿದಾಗಲೆಲ್ಲ ಆ ಸಾಫ್ಟ್‌ವೇರ್ ಒಂದೇ ಪ್ರಶ್ನೆ ಕೇಳುತ್ತಿತ್ತು: ಇದರಲ್ಲಿ ಇರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಲೇ? ಬೇಡ ಎಂದರೆ ಏನೂ ಮಾಡದೆ ಕೂರುತ್ತಿತ್ತು. ಹೂಂ ಎಂದರೆ ಅಳಿಸುತ್ತಿತ್ತು. ಎಷ್ಟು ಸಲ ಹೂಂ ಎಂದಿದ್ದೇನೋ ನೆನಪಿಲ್ಲ.

ಅಪ್ಪ ಒಬ್ಬರೇ ವಾಕಿಂಗ್ ಹೋಗುವುದು ನಿಂತಿದ್ದು ಈ ಯಂತ್ರದಿಂದ. ಯಂತ್ರ, ಅದರ ಸಾಫ್ಟ್‌ವೇರ್, ನಾನು, ಮೂವರೂ ಸೇರಿ ನಿಲ್ಲಿಸಿದೆವು ಎನ್ನುವುದು ಹೆಚ್ಚು ಸರಿ. ಈಗ ಬರೆಯಲು ಕೂತರೂ ಭುಜ ಸೋಲುತ್ತದೆ. ಆ ಭಾನುವಾರಗಳ ಸುಸ್ತು ಇನ್ನೂ ಮೈಯಲ್ಲೇ ಇದೆ.

ಅಪ್ಪ ಸರ್ವೆ ಇಲಾಖೆಯಲ್ಲಿದ್ದವರು. ಚೈನು ಹಿಡಿಸಿ ಊರೂರಿನ ಜಮೀನು ಅಳೆದು ನಿವೃತ್ತರಾದವರು. ಅಳೆಯುವ ಚಟ ಮಾತ್ರ ನಿವೃತ್ತಿಯಾಗಲಿಲ್ಲ. ಮದುವೆಗೆ ಹೋದರೆ ಊಟಕ್ಕೆ ಮುಂಚೆ ಛತ್ರದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು, ಇಷ್ಟು ಜನಕ್ಕೆ ಇದು ಸಾಲದು ಎಂದು ಅಮ್ಮನ ಕಿವಿಯಲ್ಲಿ ಹೇಳಿ ಬೈಸಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲಿಂದ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಕಣ್ಣಿನ ಒತ್ತಡವೂ ಸೇರಿಕೊಂಡಿತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರು. ಕಣ್ಣಿಗೆ ಹನಿ ಔಷಧಿ, ದಿನಾ ಒಂದು ಗಂಟೆ ನಡಿಗೆ. ಪಕ್ಕದ ನೋಟ ಮೊದಲು ಹೋಗುತ್ತದೆ, ನೇರ ಎದುರಿನದು ಆಮೇಲೆ, ಎಂದು ನಮಗೆ ಹೇಳಿದ್ದರು. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಅಪ್ಪ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ, "ಕಾಣುತ್ತೆ ಬುಡು" ಅನ್ನುತ್ತಿದ್ದರು.

ಕೃಷ್ಣಮೂರ್ತಿಪುರಂನ ನಮ್ಮ ಮನೆಯಿಂದ ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೊರಡುತ್ತಿದ್ದರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಸೊಂಟದ ಬೆಲ್ಟಿಗೆ ಸಿಕ್ಕಿಸಿದ ವಾಕ್‌ಮನ್, ಕಿವಿಯ ಮೇಲೆ ಸ್ಪಂಜಿನ ಹೆಡ್‌ಫೋನು. ವಾಪಸ್ಸು ಬರುತ್ತಿದ್ದುದು ಏಳೂ ಐದಕ್ಕೆ. ಅಮ್ಮ ಕಾಫಿಯ ಹಾಲನ್ನು ಏಳಕ್ಕೆ ಒಲೆಯ ಮೇಲಿಟ್ಟರೆ, ಅದು ಉಕ್ಕುವ ಹೊತ್ತಿಗೆ ಗೇಟಿನ ಚಿಲಕ ಸದ್ದು ಮಾಡುತ್ತಿತ್ತು. ನಾನು ಅದೇ ಹೊತ್ತಿಗೆ ಡಬ್ಬಿಗೆ ಅನ್ನ ತುಂಬಿಕೊಂಡು ಕಡಕೊಳದ ಕಾರ್ಖಾನೆಯ ಬಸ್ಸು ಹಿಡಿಯಲು ಓಡುತ್ತಿದ್ದೆ. ಅಪ್ಪನನ್ನು ಗೇಟಿನಲ್ಲಿ ದಾಟುವುದು ನನ್ನ ಪಾಲಿಗೆ ಗಡಿಯಾರ ನೋಡಿಕೊಂಡ ಹಾಗೆ.

ಆ ವಾಕ್‌ಮನ್ನಿನಲ್ಲಿ ಇದ್ದಿದ್ದು ಒಂದೇ ಕ್ಯಾಸೆಟ್ಟು. ಆಗೆಲ್ಲ ಅಂಗಡಿಗೆ ಹಾಡಿನ ಪಟ್ಟಿ ಬರೆದು ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದರು. ಅಪ್ಪ ಮಂಡಿ ಮೊಹಲ್ಲಾದ ಒಂದು ಅಂಗಡಿಯಲ್ಲಿ ತಮ್ಮ ಪಟ್ಟಿ ಕೊಟ್ಟು ಮಾಡಿಸಿಕೊಂಡಿದ್ದರು. ಎ ಸೈಡಿನಲ್ಲಿ ಆರು, ಬಿ ಸೈಡಿನಲ್ಲಿ ಆರು. ವಚನ, ದಾಸರ ಪದ, ಹಳೆಯ ಸಿನಿಮಾ ಹಾಡು, ನಡುವೆ ಒಂದು ನಾಗಸ್ವರ. ಒಂದೊಂದು ಸೈಡು ಅರ್ಧ ಗಂಟೆ. ಎ ಸೈಡು ಹಾಕಿಕೊಂಡು ಹೊರಟರೆ ಅದು ಟಕ್ ಎಂದು ನಿಲ್ಲುವ ಹೊತ್ತಿಗೆ ಪಾರ್ಕಿನ ಹೊಂಗೆ ಮರದ ಕೆಳಗಿನ ಕಲ್ಲುಬೆಂಚು. ಅಲ್ಲಿ ಐದು ನಿಮಿಷ ಕೂತು, ಕ್ಯಾಸೆಟ್ಟು ಮಗುಚಿ ಹಾಕಿ, ಬಿ ಸೈಡಿನಲ್ಲಿ ಮನೆಗೆ. ಇಷ್ಟು ನಮಗೆ ಗೊತ್ತಿತ್ತು. ಸರ್ವೆಯವರ ಹುಚ್ಚು ಎಂದು ನಗುತ್ತಿದ್ದೆವು. ಹೊಸ ಕ್ಯಾಸೆಟ್ಟು ತಂದುಕೊಡುತ್ತೇನೆ ಎಂದರೆ ಬೇಡವೇ ಬೇಡ ಎನ್ನುತ್ತಿದ್ದರು.

ನನ್ನ ಕಸುಬಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ವಿಭಾಗದವಳು. ರಾಶಿ ಬಂದಿದ್ದನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಗೂಡಿಗೆ ಹಾಕಿ, ಗೂಡಿಗೊಂದು ಚೀಟಿ ಅಂಟಿಸುವುದು ಕೆಲಸ. ಇಪ್ಪತ್ತು ವರ್ಷ ಅದೇ ಮಾಡಿದವಳಿಗೆ ಮನೆಯಲ್ಲೂ ಚೀಟಿ ಇಲ್ಲದ ಡಬ್ಬ ಕಂಡರೆ ಆಗುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಮೆಂತ್ಯದ ಡಬ್ಬದ ಮೇಲೂ ಮೆಂತ್ಯ ಎಂದು ಬರೆದಿದೆ. ಅಮ್ಮನಿಗೆ ಅದು ದೊಡ್ಡ ತಮಾಷೆ.

ಎರಡು ಸಾವಿರದ ಆರೋ ಏಳೋ ಇರಬೇಕು, ಊರಿನಲ್ಲಿ ಒಂದು ಎಕ್ಸ್‌ಚೇಂಜ್ ಮೇಳ ಹಾಕಿದ್ದರು. ಹಳೆಯದು ಯಾವುದಾದರೂ ಕೊಡಿ, ಹೊಸದಕ್ಕೆ ರಿಯಾಯಿತಿ ತಗೊಳ್ಳಿ. ಆ ಕಾಲದಲ್ಲಿ ನಮ್ಮಂಥವರ ಮನೆಗೆ ಹೊಸ ಸಾಮಾನು ಬರುತ್ತಿದ್ದುದೇ ಹಾಗೆ. ಹಳೆಯದನ್ನು ಮುಂದೆ ಕಳಿಸದೆ ಹೊಸದನ್ನು ಒಳಗೆ ಕರೆದರೆ ದುಂದುಗಾರಿಕೆ ಎನಿಸುತ್ತಿತ್ತು. ನಾನು ಅಪ್ಪನಿಗೆ ಎಂಪಿತ್ರೀ ಪ್ಲೇಯರ್ ಕೊಡಿಸುವುದೆಂದು ನಿಶ್ಚಯ ಮಾಡಿದೆ. ಬದಲಿಗೆ ಕೊಡಲು ಚೆನ್ನಾಗಿ ನಡೆಯುತ್ತಿದ್ದ ವಾಕ್‌ಮನ್ ತೆಗೆದುಕೊಂಡೆ. ಕೆಟ್ಟು ಕೂತಿದ್ದ ಮಿಕ್ಸಿ ಅಟ್ಟದ ಮೇಲಿತ್ತು, ಹತ್ತಿ ಇಳಿಸುವ ಸೋಮಾರಿತನಕ್ಕೆ ಅದನ್ನು ಬಿಟ್ಟೆ. ನನ್ನ ಜೀವನದಲ್ಲಿ ನಾನು ಮಾಡಿದ ದಡ್ಡ ಕೆಲಸಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ.

ಅಪ್ಪ ವಾಕ್‌ಮನ್ನನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು.

"ಇದಿನ್ನೂ ಚೆನ್ನಾಗೈತಲ್ಲ ಕಣಮ್ಮ."

"ಹೊಸದು ಇದರಪ್ಪನ ಥರ ಇರುತ್ತೆ ಅಪ್ಪ. ಸೆಲ್ ಹಾಕೋ ಗೋಜಿಲ್ಲ, ಮಗುಚೋ ಗೋಜಿಲ್ಲ."

"ಕ್ಯಾಸೆಟ್ಟೂ ಬೇಕಾ ಅವರಿಗೆ?"

"ಬೇಡ."

ಮುಚ್ಚಳ ತೆಗೆದು ಕ್ಯಾಸೆಟ್ಟನ್ನು ಹೊರಗೆಳೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಯಂತ್ರವನ್ನು ನನ್ನ ಕೈಗಿಟ್ಟರು. ನಾನು ಮಾಡುವುದು ಒಳ್ಳೆಯದಕ್ಕೇ ಇರುತ್ತದೆ ಎಂದು ನಂಬುವ ಕೆಟ್ಟ ಅಭ್ಯಾಸ ಅವರಿಗಿತ್ತು.

ಕ್ಯಾಸೆಟ್ಟಿನ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಅದೇ ಮಂಡಿ ಮೊಹಲ್ಲಾದ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಈಗ ಮುದುಕರಾಗಿದ್ದರು. ಗೋಡೆ ತುಂಬ ಇದ್ದ ಕ್ಯಾಸೆಟ್ಟುಗಳ ಜಾಗದಲ್ಲಿ ಮೊಬೈಲಿನ ಕವರುಗಳು ನೇತಾಡುತ್ತಿದ್ದವು. ಆದರೂ ಮೂಲೆಯ ಮೇಜಿನ ಮೇಲೆ ಎರಡು ಹಳೆಯ ಕ್ಯಾಸೆಟ್ಟು ಡೆಕ್ಕುಗಳನ್ನು ಬಟ್ಟೆ ಮುಚ್ಚಿ ಕಾಪಾಡಿಕೊಂಡಿದ್ದರು. ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, ಇದು ನನ್ನ ಕೈಬರಹವೇ ಎಂದು ನಕ್ಕರು.

"ಒಂದು ಸೈಡ್ ಒಂದೇ ಫೈಲ್ ಮಾಡಿಕೊಡ್ತೀನಿ ಅಮ್ಮಾ. ಕ್ಯಾಸೆಟ್ಟಲ್ಲಿ ಹೆಂಗಿದೆಯೋ ಹಂಗೇ ಇರುತ್ತೆ."

"ಬೇಡ, ಒಂದೊಂದು ಹಾಡೂ ಬೇರೆ ಬೇರೆ ಮಾಡಿಕೊಡಿ. ಮಧ್ಯೆ ಖಾಲಿ ಇರೋದನ್ನೆಲ್ಲ ಕತ್ತರಿಸಿಬಿಡಿ."

"ಖಾಲಿ ಇದ್ರೆ ಏನಮ್ಮಾ ತೊಂದರೆ?" ಎಂದರು ಅವರು. ನಾನು ಸ್ಟೋರ್ಸಿನವಳು. ಬೇರೆ ಬೇರೆಯೇ ಬೇಕು ಎಂದೆ.

ಹಾಗೆ ಶುರುವಾಯಿತು ನನ್ನ ಭಾನುವಾರಗಳ ಕಥೆ. ಸಾಫ್ಟ್‌ವೇರಿನ ಸೀಡಿ ಹಾಕಿದರೆ ಅರ್ಧ ಗಂಟೆ ತಿಣುಕಿ, ಕಂಪ್ಯೂಟರನ್ನು ಆರಿಸಿ ಹಚ್ಚಿ ಎಂದಿತು. ಆರಿಸಿ ಹಚ್ಚಿದರೆ ಈಮೇಲ್ ವಿಳಾಸ ಕೇಳಿತು. ಕೊಟ್ಟರೆ ಹೊಸ ಆವೃತ್ತಿ ಬಂದಿದೆ, ಇಳಿಸಿಕೊಳ್ಳಲೇ ಎಂದಿತು. ಫೋನಿನ ವೈರಿನಲ್ಲಿ ಬರುತ್ತಿದ್ದ ನಮ್ಮ ಇಂಟರ್ನೆಟ್ಟಿನಲ್ಲಿ ಅದು ಮಧ್ಯಾಹ್ನದವರೆಗೆ ಇಳಿಯಿತು. ಕೊನೆಗೆ ಹಾಡುಗಳು ಯಂತ್ರದೊಳಗೆ ಹೋದವು. ಹನ್ನೆರಡೂ ಇದ್ದವು. ಧ್ವನಿ ಸ್ವಚ್ಛವಾಗಿತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಊಟವಾದ ಮೇಲೆ ಅಪ್ಪನನ್ನು ಕೂರಿಸಿ ಗುಂಡಿಗಳ ಮೇಲೆ ಅವರ ಬೆರಳಿಟ್ಟು ಪಾಠ ಮಾಡಿದೆ.

ಮರುದಿನ ಅಪ್ಪ ಆರಕ್ಕೆ ಹೊರಟವರು ಕಾಲು ಗಂಟೆಗೆಲ್ಲ ವಾಪಸ್ಸು ಬಂದರು.

"ಯಾಕಪ್ಪ?"

"ಇದು ಕಿವೀಲಿ ಸರಿಯಾಗಿ ಕೂರ್ತಿಲ್ಲ ಕಣಮ್ಮ."

ಬೇರೆ ಇಯರ್‌ಫೋನು ತಂದುಕೊಟ್ಟೆ. ಮರುದಿನ ಮೋಡವಾಗಿತ್ತು ಎಂದರು. ಅದರ ಮರುದಿನ ಮಂಡಿ ನೋವು. ನಾನು ಅಷ್ಟೂ ನಂಬಿ ಮಂಡಿಗೆ ಎಣ್ಣೆ ಬಿಸಿ ಮಾಡಿಕೊಟ್ಟೆ. ನಾಲ್ಕನೆಯ ದಿನ ಬಸ್ಸಿಗೆ ಓಡುವ ಹೊತ್ತಿನಲ್ಲಿ ಗೇಟಿನ ಹತ್ತಿರ ಅಪ್ಪ ಕಂಡರು. ಅವರ ಮೊಣಕೈ ಹಿಡಿದುಕೊಂಡು ನಮ್ಮ ಬೀದಿಗೆ ಹೂವು ತರುವ ಹೆಂಗಸು ನಿಂತಿದ್ದಳು, ಹೂವಿನ ಬುಟ್ಟಿ ಇನ್ನೊಂದು ಕಂಕುಳಲ್ಲಿ.

"ಯಜಮಾನ್ರು ಆ ಕಡೆ ಕ್ರಾಸಲ್ಲಿ ನಿಂತ್ಬುಟ್ಟಿದ್ರು ಕಣವ್ವ. ಎಂಗೋಗ್ಬೇಕು ಅಂತ ತಿಳೀದೆ ಗ್ವಾಡೆ ಮುಟ್ಕಂಡು ನಿಂತವ್ರೆ. ನಾನೇ ಕರ್ಕಬಂದೆ."

ಅಪ್ಪ ತಲೆ ಎತ್ತಲಿಲ್ಲ. ನಲವತ್ತು ವರ್ಷ ಇದ್ದ ಬಡಾವಣೆಯಲ್ಲಿ ದಾರಿ ತಪ್ಪಿದ ಅವಮಾನ ಅವರ ಮುಖದ ಮೇಲೆ ಬರೆದ ಹಾಗಿತ್ತು. ನನ್ನ ಬಸ್ಸು ತಪ್ಪಿತು. ಆ ದಿನ ರಜೆ ಹಾಕಿದೆ.

ಕಾಫಿ ಮುಗಿದ ಮೇಲೆ ಅಪ್ಪ ತಾವಾಗಿಯೇ ಹೇಳಿದರು. ಅಮ್ಮನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಎದುರಿಗೆ ಒಂದು ಬಟ್ಟಲಗಲ ಕಾಣುತ್ತೆ ಅಷ್ಟೇ. ಮೂರು ವರ್ಷ ಆಯ್ತು. ತಿರುವು, ಅಂಗಡಿ, ಮೋರಿ, ಪಕ್ಕದಲ್ಲಿರೋದು ಯಾವುದೂ ಕಾಣಲ್ಲ. ಹಾಡಿಂದ ಹೋಗ್ತಿದ್ದೆ."

"ಹಾಡಿಂದ ಅಂದ್ರೆ?"

"ಮೊದಲನೇ ವಚನ ಮುಗೀತು ಅಂದ್ರೆ ನಮ್ಮ ಬೀದಿ ಮುಗೀತು, ಬಲಕ್ಕೆ ತಿರುಗಬೇಕು. ಎರಡನೇದು ಮುಗಿದಾಗ ಹಿಟ್ಟಿನ ಗಿರಣಿ. ಮೂರನೇ ಹಾಡಲ್ಲಿ ಎರಡನೇ ಚರಣಕ್ಕೆ ಮುಂಚೆ ಪಿಟೀಲು ಬರುತ್ತಲ್ಲ, ಅಲ್ಲಿ ಮೋರಿ ಚಪ್ಪಡಿ ಒಡೆದೈತೆ, ಎಡಕ್ಕೆ ಸರೀಬೇಕು. ನಾಗಸ್ವರ ಪೂರ್ತಿ ಸ್ಕೂಲಿನ ಕಾಂಪೌಂಡು. ಹಾಡುಗಳ ಮಧ್ಯೆ ಸುಮ್ನೆ ಇರುತ್ತಲ್ಲ, ಅಲ್ಲಿ ಒಂದೈದು ಹೆಜ್ಜೆ. ಟಕ್ ಅಂದ್ರೆ ಬೆಂಚು. ನನ್ನ ಹೆಜ್ಜೆ ಯಾವತ್ತೂ ಒಂದೇ ಅಳತೆ ಕಣಮ್ಮ, ಅದು ತಪ್ಪಲ್ಲ. ನಿನ್ನ ಮಿಷಿನ್ನಲ್ಲಿ ಮೊದಲಿಗೇ ನಾಗಸ್ವರ ಬಂದ್ಬುಡ್ತು."

ಸಾಫ್ಟ್‌ವೇರ್ ಹಾಡುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿತ್ತು. ನಡುವಿನ ಮೌನವನ್ನು ನಾನೇ ಕತ್ತರಿಸಿ ಹಾಕಿಸಿದ್ದೆ. ಅಪ್ಪನ ರಸ್ತೆಯನ್ನು ಹನ್ನೆರಡು ತುಂಡು ಮಾಡಿ ಚೀಟಿ ಅಂಟಿಸಿ ಬೇರೆ ಬೇರೆ ಗೂಡಿಗೆ ಹಾಕಿದ್ದು ನಾನು. ಅಂದೇ ಹೋಗಿ ಮೇಳದವರನ್ನು ವಿಚಾರಿಸಿದೆ. ಹಳೆಯ ಸಾಮಾನೆಲ್ಲ ಲಾರಿಯಲ್ಲಿ ಹೋಯಿತಲ್ಲ ಮೇಡಂ ಎಂದರು.

ಆಗಲೇ ಇನ್ನೊಂದು ವಾಕ್‌ಮನ್ ಹುಡುಕಬಹುದಿತ್ತು. ಹುಡುಕಲಿಲ್ಲ. ಸೋಲೊಪ್ಪುವ ಸ್ವಭಾವ ನನ್ನದಲ್ಲ. ನೂರಾರು ಹಾಡು ಹಿಡಿಯುವ ಯಂತ್ರಕ್ಕೆ ಹನ್ನೆರಡು ಹಾಡನ್ನು ಸಾಲಾಗಿ ಹಾಡಲು ಬಾರದೇ, ನೋಡೇಬಿಡೋಣ ಎಂದು ಹಟ ಹಿಡಿದೆ. ಅಪ್ಪ ಅಷ್ಟು ದಿನ ಮನೆಯಲ್ಲೇ ಇದ್ದರು. ಅಂಗಳದಲ್ಲಿ ತುಳಸಿ ಕಟ್ಟೆಯಿಂದ ಗೇಟಿಗೆ, ಗೇಟಿನಿಂದ ತುಳಸಿ ಕಟ್ಟೆಗೆ ನಡೆಯುತ್ತಿದ್ದರು. ನಾನು ಜೊತೆಗೆ ಬರುತ್ತೇನೆ ಎಂದರೆ, ನಿನಗೆ ಬಸ್ಸಿಗೆ ಹೊತ್ತಾಗುತ್ತೆ ಎನ್ನುತ್ತಿದ್ದರು.

ಮೊದಲು ಹಾಡಿನ ಹೆಸರುಗಳ ಶುರುವಿನಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿದೆ. ಸಾಫ್ಟ್‌ವೇರ್ ಒಂದಾದ ಮೇಲೆ ಹತ್ತು, ಹನ್ನೊಂದು, ಹನ್ನೆರಡು, ಆಮೇಲೆ ಎರಡು ಎಂದು ಎಣಿಸಿತು. ಒಂದನೇ ಕ್ಲಾಸಿನ ಮಗುವಿಗೆ ಗೊತ್ತಿರುವ ಎಣಿಕೆ ಅದಕ್ಕೆ ಗೊತ್ತಿರಲಿಲ್ಲ. ಅಂಕಿಗಳ ಎಡಕ್ಕೆ ಸೊನ್ನೆ ಸೇರಿಸಬೇಕು ಎಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದವರು ಹೇಳಿಕೊಟ್ಟರು. ಸೇರಿಸಿದೆ. ಆಗ ಅದು ನನ್ನ ಮೇಲೆ ಕರುಣೆ ತೋರಿಸಿ, ಇಂಟರ್ನೆಟ್ಟಿಗೆ ಹೋಗಿ, ಈ ಹಾಡುಗಳ ಸರಿಯಾದ ಹೆಸರು ಹುಡುಕಿದ್ದೇನೆ ಎಂದು ನನ್ನ ಅಂಕಿಗಳನ್ನೆಲ್ಲ ಅಳಿಸಿ ಹಾಕಿತು. ಅದು ಹುಡುಕಿದ ಹೆಸರುಗಳು ಯಾವುದೋ ದೇಶದ ಡೋಲಿನ ತಂಡದವು. ನಮ್ಮ ವಚನದ ಮುಂದೆ ಆ ಹೆಸರು ನೋಡಿ ಮೊದಲು ನಕ್ಕೆ, ಆಮೇಲೆ ಅಳು ಬಂತು.

ಒಂದು ಭಾನುವಾರ ಎಲ್ಲ ಸರಿ ಹೋಯಿತು ಎನ್ನುವಾಗ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಅದೇ ಪ್ರಶ್ನೆ: ಅಳಿಸಿ ಹೊಸದಾಗಿ ತುಂಬಲೇ? ಬೆನ್ನು ನೋಯುತ್ತಿತ್ತು, ತೊಳೆಯುವ ಬಟ್ಟೆ ರಾಶಿ ಬಿದ್ದಿತ್ತು, ಮರುದಿನ ಮತ್ತೆ ಕಡಕೊಳ. ಅಪ್ಪ ಹಿಂದೆ ಬಂದು ನಿಂತು, "ಆಗದೇ ಹೋದ್ರೆ ಬುಡು ಕಣಮ್ಮ, ಒದ್ದಾಡ್ಬೇಡ" ಎಂದರು. ಅವರು ಹಾಗೆ ಹೇಳಿದ್ದಕ್ಕೆ ಸಿಟ್ಟು ಬಂತು. ಅವರಿಗಿಂತ ಆ ಸಾಫ್ಟ್‌ವೇರೇ ನನಗೆ ಮುಖ್ಯವಾಗಿಹೋಗಿತ್ತು ಎಂದು ಈಗ ಅನ್ನಿಸುತ್ತದೆ. ಸುಮ್ಮನಿರಿ ಅಪ್ಪ ಎಂದು ಸಿಡುಕಿದೆ.

ಕೊನೆಗೆ ಮಂಡಿ ಮೊಹಲ್ಲಾದ ಹಿರಿಯರು ಮೊದಲೇ ಹೇಳಿದ್ದ ದಾರಿಗೇ ಬಂದೆ. ಕ್ಯಾಸೆಟ್ಟನ್ನು ಮತ್ತೆ ಕೊಟ್ಟು, ಒಂದು ಸೈಡಿಗೆ ಒಂದೇ ಫೈಲು, ಖಾಲಿ ಜಾಗವೂ ಹಾಗೇ ಇರಲಿ ಎಂದೆ. ಅವರು ನಾನು ಹೇಳಲಿಲ್ಲವೇ ಎಂದು ಕೇಳಲಿಲ್ಲ, ಅದೊಂದು ಪುಣ್ಯ. ಈ ಸಲ ಸಾಫ್ಟ್‌ವೇರಿಗೆ ಹಾಳು ಮಾಡಲು ಏನೂ ಉಳಿದಿರಲಿಲ್ಲ. ಎ ಸೈಡು, ಬಿ ಸೈಡು, ಎರಡೇ ಹೆಸರು, ಅಕ್ಷರಮಾಲೆಯಲ್ಲೂ ಅದೇ ಕ್ರಮ. ಅಪ್ಪ ಕೂತು ಎ ಸೈಡನ್ನು ಪೂರ್ತಿ ಕೇಳಿದರು. ಪಿಟೀಲು ಬಂದಾಗ ಕೂತಲ್ಲೇ ಸ್ವಲ್ಪ ಎಡಕ್ಕೆ ವಾಲಿದರು. ಎ ಸೈಡು ಮುಗಿದ ಕೂಡಲೇ ಬೆಂಚಿನಲ್ಲಿ ಆರಿಸಿ, ಏಳುವಾಗ ಹಚ್ಚಿ ಮುಂದಿನ ಹಾಡಿನ ಗುಂಡಿ ಒಂದು ಸಲ ಒತ್ತಿದರೆ ಬಿ ಸೈಡು ಎಂದು ಹೇಳಿಕೊಟ್ಟೆ. ಮರುದಿನ ಆರಕ್ಕೆ ಹೊರಟು ಏಳೂ ಐದಕ್ಕೆ ಗೇಟಿನ ಚಿಲಕ ತೆಗೆದರು. ಬಸ್ಸಿನಲ್ಲಿ ಆ ದಿನ ನಾನು ಕಿಟಕಿಗೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆ ನೆಮ್ಮದಿ ಒಂದು ವಾರವೂ ಬಾಳಲಿಲ್ಲ. ದಾರಿಯಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕಿ ಅಪ್ಪನನ್ನು ಮಾತಿಗೆ ನಿಲ್ಲಿಸಿದ್ದಾರೆ. ಅಪ್ಪ ಹಾಡು ನಿಲ್ಲಿಸಿ ಮಾತಾಡಿದ್ದಾರೆ. ಹಾಡು ನಿಲ್ಲಿಸಿ ಎರಡು ನಿಮಿಷ ಗುಂಡಿ ಮುಟ್ಟದಿದ್ದರೆ ಯಂತ್ರ ಚಾರ್ಜ್ ಉಳಿಸಲು ತಾನೇ ಆರುತ್ತದೆ. ಮತ್ತೆ ಹಚ್ಚಿದರೆ ನಿಂತ ಜಾಗ ಮರೆತು ಮೊದಲಿನಿಂದ ಶುರು. ಅಪ್ಪ ಸ್ಕೂಲಿನ ಕಾಂಪೌಂಡಿನ ಹತ್ತಿರ ನಿಂತಿದ್ದಾರೆ, ಕಿವಿಯಲ್ಲಿ ನಮ್ಮ ಬೀದಿಯ ವಚನ. ಅಂದಾಜಿನ ಮೇಲೆ ಹೋಗೋಣ ಎಂದು ಹೆಜ್ಜೆ ಹಾಕಿ, ಯಾವುದೋ ಕೇಬಲ್ಲಿಗಾಗಿ ಅಗೆದಿದ್ದ ಗುಂಡಿಗೆ ಕಾಲಿಟ್ಟರು. ಎಡಗೈ ಮಣಿಕಟ್ಟು ಮುರಿಯಿತು.

ನಿಂತ ಜಾಗವನ್ನು ನೆನಪಿಟ್ಟುಕೋ ಎಂದು ಹೇಳಲು ಸಾಫ್ಟ್‌ವೇರಿನ ಒಳಗೊಳಗೆ ನಾಲ್ಕನೆಯ ಪುಟದಲ್ಲಿ ಒಂದು ಪುಟ್ಟ ಚೌಕವಿತ್ತಂತೆ. ಅದಕ್ಕೆ ಗುರುತು ಹಾಕಬೇಕಿತ್ತಂತೆ. ಅಪ್ಪನ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಹುಡುಕಿದಾಗ ಸಿಕ್ಕಿತು. ಗುರುತು ಹಾಕಿದೆ. ಮುಂದಿನ ಸಲ ತೆರೆದು ನೋಡಿದರೆ ಗುರುತು ಇರಲಿಲ್ಲ. ಆವತ್ತು ಆ ಯಂತ್ರವನ್ನು ಡ್ರಾಯರಿಗೆ ಎಸೆದವಳು ಮತ್ತೆ ಹೊರಗೆ ತೆಗೆಯಲಿಲ್ಲ.

ಕೈ ಕೂಡಿಕೊಳ್ಳಲು ಮಳೆಗಾಲ ಕಳೆಯಿತು. ದಸರೆಯೂ ಕಳೆಯಿತು. ಅಪ್ಪ ಹೆಚ್ಚು ಹೊತ್ತು ವರಾಂಡದ ಕುರ್ಚಿಯಲ್ಲೇ ಇರುತ್ತಿದ್ದರು. ಸಕ್ಕರೆ ಏರಿತು, ಮಾತ್ರೆ ಒಂದಿದ್ದದ್ದು ಎರಡಾಯಿತು. ಕ್ಯಾಸೆಟ್ಟು ಮಾತ್ರ ಜೇಬಿನಲ್ಲೇ ಇತ್ತು. ಅಮ್ಮ ಅಂಗಿ ಒಗೆಯುವಾಗ ಅದನ್ನು ತೆಗೆದು ದೇವರ ಮನೆಯ ಗೂಡಿನಲ್ಲಿಡುತ್ತಿದ್ದಳು, ಒಣಗಿದ ಅಂಗಿ ಮಡಿಸಿದ ಮೇಲೆ ಮತ್ತೆ ಜೇಬಿಗೆ ಸೇರಿಸುತ್ತಿದ್ದಳು. ನನ್ನ ಮುಂದೆ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಎತ್ತಿ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಾರ್ತಿಕದಲ್ಲಿ ಮಂಡಿ ಮೊಹಲ್ಲಾದ ಹಿರಿಯರಿಂದಲೇ ಫೋನು ಬಂತು. ನಾನು ಹೇಳಿಟ್ಟಿದ್ದೆ. ಒಂದು ವಾಕ್‌ಮನ್ ಸಿಕ್ಕಿದೆ, ಹೆಡ್ಡು ಒರೆಸಿ ಒಳಗೆ ಹೊಸ ರಬ್ಬರ್ ಬೆಲ್ಟ್ ಹಾಕಿ ಇಟ್ಟಿದ್ದೇನೆ, ಬನ್ನಿ ಎಂದರು. ತಂದು ಅಪ್ಪನ ಕೈಗೆ ಕೊಟ್ಟೆ. ಬೇರೆ ಕಂಪನಿಯದು, ಸ್ವಲ್ಪ ದಪ್ಪ. ಅಪ್ಪ ಅದರ ಮೈಯನ್ನೆಲ್ಲ ಸವರಿ, ಮುಚ್ಚಳ ತೆಗೆದು, ಜೇಬಿನ ಕ್ಯಾಸೆಟ್ಟನ್ನು ಒಳಗಿಟ್ಟು ಮುಚ್ಚಿದರು. ಟಕ್ ಎನ್ನುವ ಸದ್ದಿಗೆ ಅವರ ಮುಖ ಅರಳಿದ್ದು ನೋಡಿ ನನ್ನ ಕಣ್ಣು ತುಂಬಿತು. ಹೊಸ ಇಸ್ತ್ರಿಯ ಅಂಗಿ ತೆಗೆದಿಡು ಎಂದು ಅಮ್ಮನಿಗೆ ಹೇಳಿದರು.

ಮರುದಿನ ಭಾನುವಾರ. ಆರಕ್ಕೆ ಹೊರಟರು. ಏಳಕ್ಕೆ ಅಮ್ಮ ಹಾಲಿಟ್ಟಳು. ಹಾಲು ಉಕ್ಕಿತು. ಇಳಿಸಿದಳು. ಗೇಟಿನ ಹತ್ತಿರ ನಾನು, ಬಾಗಿಲಿನ ಹತ್ತಿರ ಅವಳು. ಇನ್ನು ತಡೆಯಲಾರದೆ ನಾನು ಹೊರಟಾಗ ಬೀದಿಯ ತುದಿಯಲ್ಲಿ ಅಪ್ಪ ಕಂಡರು. ಹೆಡ್‌ಫೋನು ಕತ್ತಿನಲ್ಲಿ ನೇತಾಡುತ್ತಿತ್ತು, ಗೋಡೆ ಸವರಿಕೊಂಡು ಬರುತ್ತಿದ್ದರು. ಓಡಿಹೋಗಿ ಕೈ ಹಿಡಿದೆ.

"ಇದು ಓಡುತ್ತೆ ಕಣಮ್ಮ," ಎಂದರು ಏದುಸಿರು ಬಿಡುತ್ತ. "ಮಿಷಿನ್ನು ಫಾಸ್ಟೈತೆ. ನಾನಿನ್ನೂ ಗಿರಣಿ ಹತ್ರ ಹೋಗಿಲ್ಲ, ಅದಾಗ್ಲೇ ಪಿಟೀಲು ಬಾರಿಸ್ತಾ ಐತೆ. ಅದರ ಹಿಂದೆ ಎಲ್ಲಿ ಓಡ್ಲಿ ನಾನು?"

"ಸರಿ ಮಾಡಿಸಿಕೊಂಡು ಬರ್ತೀನಿ ಅಪ್ಪ."

"ಒಂಚೂರು ನಿಧಾನ ಮಾಡಿಕೊಡೋಕೇಳು ಅವರಿಗೆ. ಸ್ಕ್ರೂ ಇರುತ್ತೆ ಒಳಗೆ."

ಅಂದೇ ಮಧ್ಯಾಹ್ನ ಹೋದೆ. ಹಿರಿಯರು ವಾಕ್‌ಮನ್ನನ್ನು ಮೇಜಿನ ಮೇಲಿಟ್ಟು ನಾನು ಹೇಳಿದ್ದನ್ನೆಲ್ಲ ಕೇಳಿದರು. ಅಪ್ಪನ ಕ್ಯಾಸೆಟ್ಟಿನ ಎ ಸೈಡನ್ನು ವಾಕ್‌ಮನ್ನಿಗೆ ಹಾಕಿದರು. ಎರಡನೇ ಸಲ ಕಂಪ್ಯೂಟರಿಗೆ ಇಳಿಸಿದಾಗ ಇಟ್ಟುಕೊಂಡಿದ್ದ ಎ ಸೈಡಿನ ಫೈಲನ್ನು ಇನ್ನೊಂದು ಕಡೆ ತೆರೆದರು. ಎರಡನ್ನೂ ಒಟ್ಟಿಗೆ ಒತ್ತಿದರು. ವಾಕ್‌ಮನ್ನಿಗೆ ಒಂದು ಪುಟ್ಟ ಸ್ಪೀಕರ್ ಸಿಕ್ಕಿಸಿದ್ದರು. ಅರ್ಧ ಗಂಟೆ ಇಬ್ಬರೂ ಕೂತೆವು. ಎರಡು ಕಡೆಯಿಂದಲೂ ಒಂದೇ ವಚನ, ಒಂದೇ ಪಿಟೀಲು, ಒಂದೇ ನಾಗಸ್ವರ. ಗಿರಾಕಿಗಳು ಬಂದು ವಿಚಿತ್ರವಾಗಿ ನೋಡಿ ಹೋದರು. ಕೊನೆಯ ಹಾಡು ಎರಡರಲ್ಲೂ ಒಟ್ಟಿಗೇ ಮುಗಿಯಿತು.

"ಮಿಷಿನ್ ಸರಿಯಾಗಿದೆ ಅಮ್ಮಾ," ಎಂದರು ಅವರು. ಆಮೇಲೆ ನನ್ನ ಮುಖ ನೋಡಿ, ದನಿ ತಗ್ಗಿಸಿ, "ಬೇಕಾದ್ರೆ ಸ್ವಲ್ಪ ನಿಧಾನ ಮಾಡ್ತೀನಿ. ಹಾಡು ಎಳೆದ ಹಾಗೆ ಕೇಳುತ್ತೆ, ಅವರಿಗೆ ಗೊತ್ತಾಗಿಬಿಡುತ್ತೆ" ಎಂದರು.

ಅಪ್ಪನ ಹೆಜ್ಜೆ ಒಂದೇ ಅಳತೆ, ಅದು ತಪ್ಪುವುದಿಲ್ಲ. ಆರು ತಿಂಗಳು ನಾನು ಅವರನ್ನು ವರಾಂಡದಲ್ಲಿ ಕೂರಿಸಿದ್ದೆ. ಅಷ್ಟರಲ್ಲಿ ಆ ಹೆಜ್ಜೆ ಚಿಕ್ಕದಾಗಿತ್ತು. ಬೇಡ, ಹಾಗೇ ಇರಲಿ ಎಂದು ವಾಕ್‌ಮನ್ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿಗೆ ಬಂದು ನಿಂತೆ. ಎರಡು ಬಸ್ಸು ಬಂದು ಹೋದವು. ಹತ್ತಲು ಮನಸ್ಸಾಗಲಿಲ್ಲ.

ಮನೆಗೆ ಬಂದಾಗ ಚಿಲಕದ ಸದ್ದಿಗೇ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಏನಂದ್ರು?"

"ನೀವು ಹೇಳಿದ್ದೇ ಸರಿ ಅಪ್ಪ. ಮಿಷಿನ್ನೇ ಫಾಸ್ಟಂತೆ. ಇದನ್ನ ಸರಿ ಮಾಡೋಕಾಗಲ್ವಂತೆ."

"ನಾನು ಹೇಳ್ಲಿಲ್ವಾ?" ಎಂದರು. ಎಷ್ಟೋ ದಿನಗಳ ಮೇಲೆ ಅವರ ದನಿಯಲ್ಲಿ ಗೆಲುವಿತ್ತು. "ಅಳತೆ ವಿಷಯದಲ್ಲಿ ನನಗೆ ಮೋಸ ಮಾಡಕ್ಕಾಗಲ್ಲ ಕಣಮ್ಮ. ಈಗಿನ ಮಾಲೇ ಇಷ್ಟು." ಕೈ ಚಾಚಿದರು. ಕ್ಯಾಸೆಟ್ಟು ತೆಗೆದು ಕೊಟ್ಟೆ. ಜೇಬಿಗೆ ಹಾಕಿಕೊಂಡರು. "ನಾಳೆಯಿಂದ ನೀನೇ ಬಾ. ಆದ್ರೆ ದಾರೀಲಿ ಮಾತಾಡ್ಬೇಡ, ನಾನು ಎಲ್ಲಿದ್ದೀನಿ ಅಂತ ತಪ್ಪಿಹೋಗುತ್ತೆ" ಎಂದರು.

ಮರುದಿನದಿಂದ ಕಾರ್ಖಾನೆಯಲ್ಲಿ ಕೇಳಿಕೊಂಡು ತಡವಾಗಿ ಹೊರಡುವ ಬಸ್ಸಿಗೆ ಹೋಗತೊಡಗಿದೆ. ಬೆಳಿಗ್ಗೆ ಆರಕ್ಕೆ ಅಪ್ಪನ ಜೊತೆ ಹೊರಡುತ್ತಿದ್ದೆ. ಅವರು ಒಂದು ಕೈಯಲ್ಲಿ ನನ್ನ ತೋಳು ಹಿಡಿದು, ಬಾಯೊಳಗೆ ಎ ಸೈಡನ್ನು ಗುನುಗುತ್ತ, ತಮ್ಮ ಉಸಿರಿಗೆ ತಕ್ಕಂತೆ ನಿಧಾನವಾಗಿ ನಡೆಯುತ್ತಿದ್ದರು. ಪಿಟೀಲಿನ ಜಾಗದಲ್ಲಿ ನನ್ನನ್ನೂ ಎಡಕ್ಕೆ ಎಳೆಯುತ್ತಿದ್ದರು. ಅಲ್ಲಿ ಹೊಸ ಚಪ್ಪಡಿ ಹಾಕಿ ತಿಂಗಳುಗಳಾಗಿದ್ದವು. ನಾನು ಹೇಳಲಿಲ್ಲ, ಸುಮ್ಮನೆ ಎಡಕ್ಕೆ ಸರಿಯುತ್ತಿದ್ದೆ.

ವಾಕ್‌ಮನ್ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳೆಂದು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಆದರೆ ಆ ವಾರದಿಂದ ಅವಳು ಕಾಫಿಯ ಹಾಲನ್ನು ಏಳೂ ಕಾಲಿಗೆ ಒಲೆಯ ಮೇಲಿಡತೊಡಗಿದಳು.